ಏಳನೇ ಮೇಜಿನ ಅರ್ಥಿಂಗ್

ಬಾಗಿಲ ಮೇಲೆ ಮೊದಲೇ ಒಂದು ಫಲಕವಿತ್ತು. 'ಕಾನೂನಿನ ಮುಂದೆ ನಾವೆಲ್ಲರೂ ಸಮಾನರು.' ಸರ್ಕಾರದ ಅಪ್ಪಣೆ ಅದು. ಬ್ರೆಡ್ಡಿನಂಗಡಿಯಿಂದ ಹಿಡಿದು ಡೀನರ ಕಚೇರಿಯವರೆಗೆ ಬೊಲಿವಿಯಾದ ಪ್ರತಿ ಬಾಗಿಲಿಗೂ ಇರಲೇಬೇಕು. ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಅದರ ಕೆಳಗೆ ಇನ್ನೊಂದು ಹಾಳೆ ಬಂದು ಕೂತಿತ್ತು. ಅದೇ ಅಳತೆ, ಅದೇ ಅಂಟುಪಟ್ಟಿ.

'ಉಪಕರಣಗಳ ಸುರಕ್ಷತೆಯ ದೃಷ್ಟಿಯಿಂದ, ಉಣ್ಣೆಯ ಶಾಲು, ನೆರಿಗೆಯ ಅಗಲ ಲಂಗ ಹಾಗೂ ಒಳಲಂಗಗಳನ್ನು ಧರಿಸಿದವರಿಗೆ ರೋಬಾಟಿಕ್ಸ್ ಪ್ರಯೋಗಾಲಯದೊಳಗೆ ಪ್ರವೇಶವಿಲ್ಲ.'

ಸೆಫೆರಿನಾ ಚುಕಿಮಿಯಾ ಎರಡು ಸಲ ಓದಿದಳು. ಆ ವಿಭಾಗದಲ್ಲಿ ಇನ್ನೂರ ಹತ್ತು ಜನ ಓದುತ್ತಿದ್ದರು. ನೆರಿಗೆಯ ಅಗಲ ಲಂಗ, ಅಂದರೆ ಪೊಯೆರಾ ಉಡುವವಳು ಅವಳೊಬ್ಬಳೇ. ನೇರವಾಗಿ ಅವಳ ಹೆಸರನ್ನೇ ಬರೆದಿದ್ದರೆ ಶಾಯಿಯಾದರೂ ಉಳಿಯುತ್ತಿತ್ತು.

ಬೆನ್ನ ಮೇಲೆ ಗಂಟು ಕಟ್ಟಿದ ಬಣ್ಣದ ಬಟ್ಟೆಯಲ್ಲಿ ಅವಳು ಕಟ್ಟಿದ ಪುಟ್ಟ ರೋಬಾಟ್ ಗಾಡಿ ಇತ್ತು. ಮಗುವನ್ನು ಹೊರುವ ಬಟ್ಟೆ ಅದು. ಅವಳಿಗೆ ಮಗುವಿಲ್ಲ, ಗಾಡಿಯನ್ನು ಹೊತ್ತಿದ್ದಳು. ಎರಡು ಚಕ್ರ, ಒಂದು ಬ್ಯಾಟರಿ, ಮೂಗಿನ ಕೆಳಗೆ ಸಾಲಾಗಿ ಐದು ಕಣ್ಣು. ಬಿಳಿ ಹಲಗೆಯ ಮೇಲೆ ಎಳೆದ ಕಪ್ಪು ಗೆರೆ ಹಿಡಿದು ಅದು ತಾನೇ ಓಡಬೇಕು. ಶುಕ್ರವಾರ ಕೊನೆಯ ಪರೀಕ್ಷೆ. ಅದೊಂದು ಮುಗಿದರೆ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಅವಳ ಕೈಗೆ ಡಿಗ್ರಿ ಬರುತ್ತಿತ್ತು.

"ಎಫ್ರಾಯಿನ್ ಮಾವ, ಏನಿದು?"

ಎಫ್ರಾಯಿನ್ ಸಾಮಾನು ಕೋಣೆಯವನು. ಗುರುತಿನ ಚೀಟಿ ಇಸಕೊಂಡು ಕಿಂಡಿಯಿಂದ ಮೀಟರು, ವೈರು, ಸೋಲ್ಡರಿಂಗ್ ಐರನ್ ಕೊಡುವುದು ಅವನ ಕೆಲಸ. ಅವನೂ ಅವಳ ಹಾಗೆ ಐಮಾರಾ, ಈ ಬೆಟ್ಟಗಳ ಮೂಲನಿವಾಸಿ ಜನ. ಅವನ ತಾಯಿ ಪೊಯೆರಾ ಉಟ್ಟೇ ಮಣ್ಣಿಗೆ ಹೋದವಳು. ಆದರೆ ಈ ಕಟ್ಟಡದೊಳಗೆ ಅವನ ಬಾಯಿಂದ ಒಂದು ಐಮಾರಾ ಮಾತು ಬಂದದ್ದನ್ನು ಯಾರೂ ಕೇಳಿಲ್ಲ.

"ಅಂಟಿಸು ಅಂದ್ರು, ಅಂಟಿಸ್ದೆ. ನನ್ನ ಯಾಕೆ ಕೇಳ್ತೀಯ ತಾಯಿ."

"ಓದಿದ್ರಾ?"

"ಓದೋದು ನನ್ನ ಕೆಲ್ಸ ಅಲ್ಲ. ಅಂಟಿಸೋದು ನನ್ನ ಕೆಲ್ಸ." ಅವನು ಅವಳ ಮುಖ ನೋಡದೆ ಮೊಳೆಗಳ ಡಬ್ಬಿ ಕೈಗೆತ್ತಿಕೊಂಡ. "ಚೀಟಿ ಇಸ್ಕೋಬೇಡ ಅಂದಿದಾರೆ ನಿಂದು."

ಕಾರಣ ಅವಳಿಗೆ ಗೊತ್ತಿತ್ತು. ಮೂರು ವಾರದಲ್ಲಿ ಏಳನೇ ಮೇಜಿನ ಮೇಲೆ ಮೂರು ಚಿಪ್ ಸುಟ್ಟಿದ್ದವು. ಗಾಡಿಯ ಮೋಟಾರು ತಿರುಗಿಸುವ, ಉಗುರಿನಷ್ಟಗಲದ ಚಿಪ್. ಹೊರದೇಶದಿಂದ ಬರಬೇಕು. ಜೂನ್ ತಿಂಗಳೆಂದರೆ ಇಷ್ಟೆತ್ತರದ ಊರಿನ ಗಾಳಿಯಲ್ಲಿ ತೇವವೇ ಇರುವುದಿಲ್ಲ. ತುಟಿ ಒಡೆಯುತ್ತದೆ. ಕಂಬಳಿ ಕೊಡವಿದರೆ ಚಿಟಚಿಟ ಕಿಡಿ ಹಾರುತ್ತದೆ. ಬಾಗಿಲ ಹಿಡಿ ಮುಟ್ಟಿದರೆ ಬೆರಳು ಚುರುಕ್ಕೆನ್ನುತ್ತದೆ. ಮನುಷ್ಯರಿಗಾದರೆ ಅಷ್ಟೇ. ಚಿಪ್ಪಿನ ಒಳಗು ಅಷ್ಟಕ್ಕೇ ಸತ್ತುಹೋಗುತ್ತದೆ. ಅದಕ್ಕಾಗಿಯೇ ಪ್ರತಿ ಮೇಜಿನ ಅಂಚಿಗೂ ಒಂದು ತಾಮ್ರದ ಪಟ್ಟಿ, ಪಟ್ಟಿಗೊಂದು ಸುರುಳಿ ವೈರು, ವೈರಿನ ತುದಿಗೆ ಮಣಿಕಟ್ಟಿಗೆ ಸುತ್ತಿಕೊಳ್ಳುವ ಪಟ್ಟೆ. ಕಟ್ಟಿಕೊಂಡು ಕೂತರೆ ಮೈಮೇಲಿನ ಕರೆಂಟೆಲ್ಲ ಆ ವೈರಿನಲ್ಲಿ ಇಳಿದು ನೆಲ ಸೇರುತ್ತದೆ. ಇದೇ ಅರ್ಥಿಂಗ್. ಹುಡುಗರು ಮಣಿಕಟ್ಟು ಕೆರೆಯುತ್ತದೆಂದು ಕಟ್ಟುತ್ತಿರಲಿಲ್ಲ. ಸೆಫೆರಿನಾ ಕಟ್ಟದೆ ಒಂದು ದಿನವೂ ಚಿಪ್ ಮುಟ್ಟಿದವಳಲ್ಲ. ಆದರೂ ಸುಟ್ಟವು.

ಅವಳ ಕೈ ಹೊಸ ಕೈಯಲ್ಲ. ಗುಡ್ಡದ ಮೇಲಿನ ಎಲ್ ಆಲ್ತೊದಲ್ಲಿ ಗುರುವಾರ, ಭಾನುವಾರ ದೊಡ್ಡ ಸಂತೆ. ಅಲ್ಲಿ ಅವಳ ಅಮ್ಮ ಹಳೆ ಫೋನು, ರೇಡಿಯೋ, ಟಿವಿ ಬೋರ್ಡುಗಳನ್ನು ನೆಲದ ಮೇಲೆ ಹರಡಿ ಮಾರುತ್ತಾಳೆ. ಹದಿನಾಲ್ಕನೆಯ ವಯಸ್ಸಿನಿಂದ ಸೆಫೆರಿನಾ ಅದರ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಫೋನು ರಿಪೇರಿ ಮಾಡಿದವಳು. ಗಾಳಿ, ಧೂಳು, ಮೈತುಂಬ ಉಣ್ಣೆ. ಒಂದು ಚಿಪ್ ಸುಟ್ಟಿದ್ದಿಲ್ಲ. ಅಂಗಡಿಯ ಟಾರ್ಪಾಲು ಎತ್ತಿ ಹಿಡಿದ ಕಬ್ಬಿಣದ ಸರಳು ನೆಲದೊಳಗೆ ಎರಡು ಮೊಳ ಇಳಿದಿತ್ತು. ಬೆಳಿಗ್ಗೆ ಬಂದ ಕೂಡಲೇ ಅಮ್ಮ ಅದರ ಬುಡಕ್ಕೆ ಒಂದು ಚೊಂಬು ನೀರು ಹುಯ್ಯುತ್ತಿದ್ದಳು. ಮಗಳು ಪ್ರತಿ ಸಲ ಸರಳನ್ನು ಮುಟ್ಟಿಯೇ ಬೋರ್ಡು ಮುಟ್ಟುತ್ತಿದ್ದಳು. ಆ ಸಾಲಿನ ರಿಪೇರಿಯವರೆಲ್ಲ ಹಾಗೇ ಮಾಡುತ್ತಿದ್ದರು, ಯಾಕೆಂದು ಯಾರೂ ಪುಸ್ತಕ ಓದಿ ಕಲಿತಿರಲಿಲ್ಲ.

ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ಅವಳಿಗೆ ಅದನ್ನು ನೆನೆದರೆ ನಾಚಿಕೆಯಾಗುತ್ತಿತ್ತು. ಸಂತೆಯ ಬುದ್ಧಿ ಎಂದು ಬಿಟ್ಟುಬಿಟ್ಟಳು. ಇಲ್ಲಿ ಹೊಳೆಯುವ ತಾಮ್ರದ ಪಟ್ಟಿ ಇತ್ತು, ಅದನ್ನು ಕೂರಿಸಿದವರು ಇಂಜಿನಿಯರುಗಳು. ಅವಳು ಮಾಡಿದ ತಪ್ಪು ಇದೊಂದೇ. ದೊಡ್ಡವರ ತಾಮ್ರವನ್ನು ನಂಬಿದಳು.

ಮೂರನೆಯ ಚಿಪ್ ಸುಟ್ಟ ದಿನ ಇಂಜಿನಿಯರ್ ಉರಿಯೋಸ್ತೆ ಪಾಠ ನಿಲ್ಲಿಸಿದರು. ಪ್ರಯೋಗಾಲಯದ ಯಜಮಾನರು ಅವರೇ. ವಿದೇಶದಲ್ಲಿ ಓದಿ ಬಂದವರು. ಎಲ್ಲ ವಿದ್ಯಾರ್ಥಿಗಳನ್ನೂ ಬಹುವಚನದಲ್ಲಿ ಮಾತಾಡಿಸುತ್ತಿದ್ದರು, ಸೆಫೆರಿನಾಳೊಬ್ಬಳನ್ನು ಬಿಟ್ಟು.

"ಮುಂದೆ ಬಾ ಮಗಳೇ. ಹೆದರ್ಬೇಡ."

ಅವಳು ಹೋಗಿ ನಿಂತಳು. ಇಂಜಿನಿಯರು ಮೇಜಿನಿಂದ ಪ್ಲಾಸ್ಟಿಕ್ಕಿನ ಅಡಿಪಟ್ಟಿ ತೆಗೆದುಕೊಂಡರು. ಅವಳ ತೊಡೆಯ ಪಕ್ಕ, ಪೊಯೆರಾದ ನೆರಿಗೆಗಳ ಮೇಲೆ, ಅದನ್ನು ಸರಸರ ನಾಲ್ಕು ಸಲ ಉಜ್ಜಿದರು. ಕೇಳಲಿಲ್ಲ, ಉಜ್ಜಿದರು. ಆಮೇಲೆ ಹರಿದ ಕಾಗದದ ಚೂರುಗಳ ಮೇಲೆ ಹಿಡಿದರು. ಚೂರುಗಳು ಹಾರಿ ಅಡಿಪಟ್ಟಿಗೆ ಅಂಟಿಕೊಂಡವು. ತರಗತಿ ನಕ್ಕಿತು.

"ಸರ್, ಕರೆಂಟು ಹೋದಾಗ ಅಕ್ಕನ್ನೇ ಪ್ಲಗ್ಗಿಗೆ ಹಾಕ್ಬೋದು," ಎಂದ ಹಿಂದಿನ ಸಾಲಿನವನೊಬ್ಬ.

ಇಂಜಿನಿಯರೂ ನಕ್ಕರು. ಆಮೇಲೆ ಸಣ್ಣ ಮೀಟರೊಂದನ್ನು ಅವಳ ಸೊಂಟದ ಬಳಿ ಹಿಡಿದು ಓದಿದರು. "ಬರ್ಕೊಳಿ ಎಲ್ರೂ. ಪೊಯೆರಾ, ಆರು ಸಾವಿರ ವೋಲ್ಟ್."

ಇಪ್ಪತ್ತಮೂರು ಪೆನ್ನುಗಳು ಬರೆದವು. ಸೆಫೆರಿನಾ ತನ್ನ ಜಾಗಕ್ಕೆ ವಾಪಸು ಬಂದು ತಾನೂ ಬರೆದಳು. ಅಳೆದದ್ದನ್ನು ಬರೆಯಬೇಕು. ಮೊದಲ ವರ್ಷ ಮೊದಲ ಪ್ರಯೋಗದಲ್ಲೇ ಹಾಗೆ ಕಲಿಸಿದ್ದರು. ಆ ದಿನ ಮೀಟರನ್ನು ಬೇರೆ ಯಾರ ಬಟ್ಟೆಗೂ ಹಿಡಿಯಲಿಲ್ಲ. ಉರಿಯೋಸ್ತೆಯವರು ತೊಟ್ಟಿದ್ದ ನೈಲಾನ್ ಜಾಕೆಟ್ಟು ಎಷ್ಟು ಸಾವಿರ ವೋಲ್ಟ್ ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಇದೇ ಪೊಯೆರಾ ಇದೇ ಮಹಾಶಯರಿಗೆ ಫೆಬ್ರವರಿಯಲ್ಲಿ ಬೇಕಾಗಿತ್ತು. ಕಾರ್ನಿವಲ್ಲಿನ ಮಂಗಳವಾರ ಎಲ್ಲ ಕಚೇರಿಗಳಲ್ಲೂ ಭೂತಾಯಿಗೆ ಬಿಯರ್ ಚಿಮುಕಿಸುವ ಪದ್ಧತಿ. ಆ ವರ್ಷ ಹೊಸ ಯಂತ್ರಗಳು ಬಂದಿದ್ದವು. ಬಣ್ಣದ ಕಾಗದದ ಮಾಲೆ ಹಾಕಿ, ಹೂವಿನ ಎಸಳು ಚೆಲ್ಲಿ, ಬಿಯರ್ ಬಾಟಲಿಯನ್ನು ಸೆಫೆರಿನಾಳ ಕೈಗೇ ಕೊಟ್ಟರು. "ನಿಮ್ಮ ಜನಕ್ಕೆ ಇದೆಲ್ಲ ಚೆನ್ನಾಗಿ ಗೊತ್ತು, ನೀನೇ ಮಾಡು ಮಗಳೇ," ಎಂದರು ಉರಿಯೋಸ್ತೆ. ಫೋಟೋ ತೆಗೆದು ದೊಡ್ಡದು ಮಾಡಿಸಿ ಮೆಟ್ಟಿಲ ಬಳಿ ತೂಗುಹಾಕಿದರು. ಅವಳು, ಅವಳ ಹಸಿರು ಪೊಯೆರಾ, ಪಕ್ಕದಲ್ಲಿ ಹಲ್ಲು ಬಿಟ್ಟ ಇಂಜಿನಿಯರು.

ಸೋಮವಾರ ಸಂಜೆ ಮನೆಯಲ್ಲಿ ಅಮ್ಮ ಒಣ ಆಲೂಗಡ್ಡೆಯ ಸಿಪ್ಪೆ ಉಜ್ಜುತ್ತ ಕೂತಿದ್ದಳು. ಮಗಳು ಹಾಳೆಯ ವಿಷಯ ಹೇಳಿದಳು.

"ಬಟ್ಟೆ ತಾನೆ," ಎಂದಳು ಅಮ್ಮ. "ತೆಗೆದಿಟ್ಟು ಹೋಗು, ಓದಿ ಬಾ. ಬಾಗಿಲಾಚೆ ಬಂದು ಉಟ್ಕೊ."

"ನೀನೇ ಹೀಗಂತೀಯಲ್ಲ."

"ಅಡಿಗೆ ಕೆಲ್ಸಕ್ಕೆ ಹೋಗ್ತಿದ್ನಲ್ಲ ಕೆಳಗಿನ ಪೇಟೆಗೆ, ಹನ್ನೊಂದು ವರ್ಷ. ಆ ಮನೆಯಮ್ಮ ನನ್ನ ಪೊಯೆರಾ ವಾಸನೆ ಅಂತ ಬಿಚ್ಚಿಸಿ ಬೂದು ಗೌನು ಹಾಕಿಸಿದ್ಲು. ಹಾಕ್ಕೊಂಡೆ. ಸತ್ನಾ?"

"ಸಾಯ್ಲಿಲ್ಲ. ಆದ್ರೆ ಪ್ರತಿ ವರ್ಷ ಒಂದ್ಸಲ ಇದನ್ನ ಹೇಳ್ತೀಯ."

ಅಮ್ಮ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಡಿಗ್ರಿ ಬರ್ಲಿ ಮೊದ್ಲು," ಎಂದಳು ಕೊನೆಗೆ. ಸೆಫೆರಿನಾಳಿಗೆ ಜಗಳವಾಡುವ ತ್ರಾಣವೂ ಇರಲಿಲ್ಲ. ನಾಲ್ಕು ವರ್ಷದಿಂದ ಬೆಳಿಗ್ಗೆ ಕೇಬಲ್ ಕಾರಿನಲ್ಲಿ ಇಳಿದು ಸಂಜೆ ಹತ್ತಿ, ನಡುವೆ ಸಂತೆ ಮಾಡಿ, ಅವಳ ಮೂಳೆಗಳೇ ಸೋತಿದ್ದವು.

ಮಂಗಳವಾರ ಜೋಸೆಲಿನ್ ಒಂದು ಚೀಲ ತಂದಳು. ಏಳನೇ ಮೇಜಿನಲ್ಲಿ ಇವಳ ಜೊತೆಗಾತಿ. ಇಪ್ಪತ್ತೆರಡು ವರ್ಷ. ಗಾಡಿಯನ್ನು ಸೆಫೆರಿನಾ ಕಟ್ಟುತ್ತಿದ್ದಳು, ವರದಿಯನ್ನು ಜೋಸೆಲಿನ್ ಬರೆಯುತ್ತಿದ್ದಳು, ಅಂಕ ಇಬ್ಬರಿಗೂ ಸೇರಿ. ಚೀಲದಲ್ಲಿ ಜೀನ್ಸ್ ಪ್ಯಾಂಟಿತ್ತು.

"ಅಕ್ಕ, ಮೂರು ದಿನ ಕಣೆ. ಮೂರೇ ದಿನ. ನಮ್ಮಮ್ಮನೂ ಪೊಯೆರಾನೇ ಉಡೋದು, ನಾನು ಪ್ಯಾಂಟ್ ಹಾಕಲ್ವಾ? ಏನಾಗಿದೆ ನಂಗೆ?"

"ನಿಂಗೇನೂ ಆಗಿಲ್ಲ."

"ಮತ್ತೆ? ನೀನೊಬ್ಳೇ ಅಲ್ಲ, ನನ್ನ ಅಂಕನೂ ಇದ್ರಲ್ಲಿದೆ."

ಹೆಂಗಸರ ಪಾಯಿಖಾನೆಯಲ್ಲಿ ಸೆಫೆರಿನಾ ಶಾಲು ಬಿಚ್ಚಿದಳು. ಪೊಯೆರಾ ಬಿಚ್ಚಿದಳು. ಒಳಲಂಗ ಒಂದೊಂದಾಗಿ ನಾಲ್ಕು ಬಿಚ್ಚಿದಳು. ಎಲ್ಲವನ್ನೂ ಇಡಲು ಜಾಗವಿಲ್ಲದೆ ಒದ್ದೆ ನೆಲಕ್ಕೆ ತಾಗದಂತೆ ಹಲ್ಲಿನಲ್ಲಿ ಕಚ್ಚಿಕೊಂಡಳು. ತೊಡೆಗೆ ಚಳಿ ಹೊಡೆಯಿತು. ಪ್ಯಾಂಟು ಸೊಂಟದಲ್ಲಿ ಬಿಗಿಯಾಯಿತು, ಬಗ್ಗಿದರೆ ಹೊಟ್ಟೆಗೆ ಗುಂಡಿ ಒತ್ತುತ್ತಿತ್ತು. ಹೊರಗೆ ಬಂದಾಗ ನಡೆಯುವುದು ಹೇಗೆಂದೇ ತಿಳಿಯಲಿಲ್ಲ. ಜನರೆಲ್ಲ ತನ್ನ ಹಿಂಭಾಗವನ್ನೇ ನೋಡುತ್ತಿದ್ದಾರೆ ಅನ್ನಿಸಿತು.

"ಓಹೋ, ಟ್ರಾನ್ಸ್‌ಫಾರ್ಮರ್ ಬಂತು," ಎಂದ ಅದೇ ಹಿಂದಿನ ಸಾಲಿನವ. ಹಬ್ಬಕ್ಕೊಂದು ಉಡುಪು, ಪೇಟೆಗೊಂದು ಉಡುಪು ಎಂದು ಬದಲಾಯಿಸುವವರಿಗೆ ಈ ಊರಿಟ್ಟ ಹೆಸರು ಅದು. ಅವಳು ನೇರ ಕಿಂಡಿಗೆ ಹೋದಳು. ಎಫ್ರಾಯಿನ್ ಚೀಟಿ ಇಸಕೊಂಡ. ಒಂದು ಚಿಪ್ ಕೊಟ್ಟ. ಡಬ್ಬಿಯಲ್ಲಿ ಇನ್ನೊಂದೇ ಉಳಿದಿತ್ತು.

ಅವಳು ಮಣಿಕಟ್ಟಿಗೆ ಪಟ್ಟೆ ಕಟ್ಟಿದಳು, ಒಂದಲ್ಲ ಎರಡು ಸಲ ಬಿಗಿದಳು. ಕಾಲುಗಳನ್ನು ಅಲುಗಿಸದೆ ಕೂತಳು. ಚಿಪ್ಪನ್ನು ಇಕ್ಕಳದಲ್ಲಿ ಎತ್ತಿ ಬೋರ್ಡಿನ ಮೇಲಿಟ್ಟು ಎಂಟು ಕಾಲುಗಳಿಗೂ ಬೆಸುಗೆ ಹಾಕಿದಳು. ಬ್ಯಾಟರಿ ಕೊಟ್ಟಳು. ಮೋಟಾರು ಒಮ್ಮೆ ನಡುಗಿ ನಿಂತಿತು. ಚಿಪ್ ಮುಟ್ಟಿ ನೋಡಿದಳು. ಸುಡುತ್ತಿತ್ತು. ಆಮೇಲೆ ಸುಟ್ಟ ವಾಸನೆ ಬಂತು.

ಉರಿಯೋಸ್ತೆ ಬಂದು ನಿಂತರು. ಪ್ಯಾಂಟು ನೋಡಿದರು. ಆಮೇಲೆ ಅವಳ ಬೆನ್ನ ಮೇಲೆ ಬಿದ್ದಿದ್ದ ಎರಡು ಜಡೆಗಳ ತುದಿ ಕಂಡಿತು. ಉಣ್ಣೆಯ ಕುಚ್ಚು ಕಟ್ಟಿದ್ದಳು, ಕಪ್ಪು ಕುಚ್ಚು.

"ಇದೂ ಉಣ್ಣೆನೇ ಅಲ್ವಾ?" ಅವರು ಪೆನ್ನಿನ ತುದಿಯಿಂದ ಕುಚ್ಚು ಎತ್ತಿ ತೋರಿಸಿದರು. "ಇದನ್ನೂ ಬಿಚ್ಚಬೇಕು ಮಗಳೇ. ಕೂದಲು ಕತ್ತರಿಸಿಕೊಂಡ್ರೆ ಇನ್ನೂ ಒಳ್ಳೇದು."

ಸೆಫೆರಿನಾಳಿಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತು. ಬಂದದ್ದು ದಣಿವು. ಶಾಲು, ಪೊಯೆರಾ, ಒಳಲಂಗ, ಕುಚ್ಚು, ಕೂದಲು. ಇನ್ನು ಬಿಚ್ಚಲು ಚರ್ಮವೊಂದೇ ಬಾಕಿ. ಅದನ್ನೂ ಬಿಚ್ಚಿ ಮೇಜಿನ ಮೇಲಿಟ್ಟರೂ ಈ ಮನುಷ್ಯ ಪೆನ್ನಿನ ತುದಿಯಿಂದ ಎತ್ತಿ ನೋಡುತ್ತಾನೆ ಅನ್ನಿಸಿತು.

ಅವಳು ಮೀಟರು ತೆಗೆದುಕೊಂಡಳು. ಅದರ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಳು. ಮೀಟರು ಕುಂಯ್ ಎಂದಿತು. ದಾರಿ ಇದ್ದರೆ ಹಾಗೆ ಕೂಗುತ್ತದೆ, ಸಂತೆಯ ಮಕ್ಕಳಿಗೂ ಗೊತ್ತು. ಒಂದು ಕಡ್ಡಿಯನ್ನು ತಾಮ್ರದ ಪಟ್ಟಿಗೆ ಒತ್ತಿ ಹಿಡಿದಳು. ಇನ್ನೊಂದನ್ನು ಉದ್ದ ವೈರು ಸೇರಿಸಿ, ಎದ್ದು ಹೋಗಿ, ಕೈತೊಳೆಯುವ ತೊಟ್ಟಿಯ ಕಬ್ಬಿಣದ ನಲ್ಲಿಗೆ ಒತ್ತಿದಳು. ಆ ಪೈಪು ನೆಲದೊಳಗಿಂದ ಬಂದದ್ದು.

ಮೀಟರು ಕೂಗಲಿಲ್ಲ.

"ಏನ್ಮಾಡ್ತಿದೀಯ?" ಎಂದರು ಇಂಜಿನಿಯರು.

"ಅಳೀತಿದೀನಿ ಸರ್."

ಎಂಟನೇ ಮೇಜಿಗೆ ಹೋದಳು. ಕೂಗಲಿಲ್ಲ. ಆರು, ಐದು, ನಾಲ್ಕು. ಹುಡುಗರು ಎದ್ದು ದಾರಿ ಬಿಟ್ಟರು. ಒಂದನೇ ಮೇಜಿನವರೆಗೂ ಎಲ್ಲೂ ಕೂಗಲಿಲ್ಲ. ಅವಳು ಕಿಂಡಿಯ ಕಡೆ ನೋಡಿದಳು.

"ಮಾವ, ಸ್ಕ್ರೂಡ್ರೈವರ್ ಕೊಡಿ."

ಎಫ್ರಾಯಿನ್ ಇಂಜಿನಿಯರ ಮುಖ ನೋಡಿದ. ಬೇಡವೆಂದು ಅವರು ಹೇಳಲಿಲ್ಲ, ಹೇಳುವುದು ಮರೆತಿರಬೇಕು. ಅವನೇ ಬಂದು ಏಳನೇ ಮೇಜಿನ ಪಟ್ಟಿಯ ನಾಲ್ಕು ಸ್ಕ್ರೂ ಬಿಚ್ಚಿದ. ಪಟ್ಟಿ ಕಳಚಿತು. ಹಿಂದೆ ಒಂದು ತೂತು. ತೂತಿನಲ್ಲಿ ಧೂಳು, ಯಾರೋ ತಿಂದು ತುರುಕಿದ ಚಾಕಲೇಟಿನ ಕಾಗದ. ನೆಲಕ್ಕೆ ಇಳಿಯಬೇಕಾದ ಹಸಿರು ವೈರು ಇರಲೇ ಇಲ್ಲ. ಕಿತ್ತುಹೋಗಿದ್ದಲ್ಲ, ತುಂಡಾಗಿದ್ದಲ್ಲ. ಯಾರೂ ಹಾಕಿಯೇ ಇರಲಿಲ್ಲ. ಆರು ವರ್ಷದಿಂದ ಈ ಕೋಣೆಯಲ್ಲಿ ಕೈ ಕಟ್ಟಿಸಿಕೊಂಡು ಕೂತವರೆಲ್ಲ ಬರೀ ಮೇಜಿಗೆ ಕಟ್ಟಿಸಿಕೊಂಡಿದ್ದರು. ವರ್ಷಕ್ಕೊಮ್ಮೆ ಭೂತಾಯಿಗೆ ಬಿಯರ್ ಕುಡಿಸಿದ ಮಹಾಶಯರು ಆ ತಾಯಿಯವರೆಗೆ ಒಂದು ವೈರು ಇಳಿಸಿರಲಿಲ್ಲ.

"ಈ ಸಲ ಬೇರೆ ಮೇಜಲ್ಲೂ ನಾಲ್ಕು ಚಿಪ್ ಸುಟ್ಟಿದಾವಲ್ಲ ಮಾವ. ರಿಜಿಸ್ಟರಲ್ಲಿ ಏನಂತ ಬರ್ದಿದೀರ?"

ಎಫ್ರಾಯಿನ್ ಬಿಚ್ಚಿದ ಸ್ಕ್ರೂಗಳನ್ನು ಅಂಗೈಗೆ ಕೂಡಿಸಿಕೊಂಡ. "ಸರಕು ಸರಿಯಿಲ್ಲ ಅಂತ."

"ನಂದು ಮೂರು?"

ಅವನು ನೆಲ ನೋಡಿದ. "ಪೊಯೆರಾ ಅಂತ. ಹಾಗೇ ಬರಿ ಅಂದ್ರು."

"ಇವತ್ತಿಗೆ ಸಾಕು," ಎಂದರು ಉರಿಯೋಸ್ತೆ. "ಎಲ್ರೂ ಹೊರಡಿ."

ಗುರುವಾರ ಕರೆ ಬಂತು. ಸಂತೆ ಬಿಟ್ಟು ಇಳಿದು ಹೋದಳು, ಪೊಯೆರಾ ಉಟ್ಟೇ ಹೋದಳು. ಕಾರಿಡಾರಿನಲ್ಲಿ ಎಲೆಕ್ಟ್ರಿಷಿಯನ್ ಒಬ್ಬ ಹಸಿರು ವೈರಿನ ಸುರುಳಿ ಬಿಚ್ಚಿಕೊಂಡು ಕೂತಿದ್ದ. ಅಂಗಳದಲ್ಲಿ ಗುಂಡಿ ತೋಡಿದ ಹಸಿ ಮಣ್ಣಿತ್ತು. ಅದನ್ನು ಕಂಡು ಅವಳ ಎದೆ ಸ್ವಲ್ಪ ಹಗುರವಾಯಿತು. ಪಾಪ, ಹುಚ್ಚಿ.

ಕಚೇರಿಯಲ್ಲಿ ಇಂಜಿನಿಯರು ಒಂದು ಹಾಳೆ ಮುಂದಿಟ್ಟರು. ಟೈಪು ಮಾಡಿದ ನಾಲ್ಕು ಸಾಲು. ನಿಯಮಬಾಹಿರ ಉಡುಪಿನಿಂದಾಗಿ ನನ್ನ ಕೈಯಲ್ಲಿ ಚಿಪ್‌ಗಳು ಹಾಳಾದವು, ಇನ್ನು ಮುಂದೆ ಅಂಥ ಉಡುಪು ಧರಿಸಿ ಬರುವುದಿಲ್ಲ. ಕೆಳಗೆ ಅವಳ ಹೆಸರು, ಸಹಿಗೆ ಜಾಗ.

"ಅರ್ಥಿಂಗ್ ಹಾಕಿಸ್ತಿದೀರಲ್ಲ ಸರ್."

"ಅದು ಬೇರೆ ವಿಷ್ಯ. ಡೀನ್‌ಗೆ ವರದಿ ಹೋಗಿಯಾಗಿದೆ, ವಾಪಸ್ ತರೋಕಾಗಲ್ಲ. ನೀನು ಸಹಿ ಹಾಕು, ನಾಳೆ ಬಂದು ಪರೀಕ್ಷೆ ಮುಗಿಸು. ನಿಂಗೆ ಡಿಗ್ರಿ ಸಿಗುತ್ತೆ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ಮಗಳೇ."

ಸೆಫೆರಿನಾ ಹಾಳೆ ನೋಡಿದಳು. ಸಹಿ ಹಾಕಲು ಎರಡು ಕ್ಷಣ ಸಾಕು. ಹಾಕಿದರೆ ಅಮ್ಮ ಅಳುತ್ತಾಳೆ, ಸಂತೋಷಕ್ಕೆ. ಸಂತೆಯವರಿಗೆಲ್ಲ ಸೋಡಾ ಕುಡಿಸುತ್ತಾಳೆ. ಅವಳಿಗೆ ತುಂಬ ಆಸೆಯಾಯಿತು. ಪೆನ್ನನ್ನು ಕ್ಯಾಪು ತೆಗೆದು ಹಿಡಿದೇ ಇದ್ದಳು.

"ನನ್ನ ಬಟ್ಟೆ ಅಳೆದ್ರಿ," ಎಂದಳು. "ಆರು ಸಾವಿರ. ನಾನೂ ಬರ್ಕೊಂಡೆ, ಸುಳ್ಳಲ್ಲ ಅದು. ಮೇಜನ್ನ ನಾನು ಅಳೆದೆ. ಅದೂ ಸುಳ್ಳಲ್ಲ. ಇದ್ರಲ್ಲಿ ಒಂದೇ ಬರ್ದಿದೀರ."

"ನಂಗೆ ಪಾಠ ಹೇಳ್ತೀಯಾ?"

"ಇಲ್ಲ ಸರ್. ನೀವು ಹೇಳಿದ್ದೇ. ಅಳೆದಿದ್ದನ್ನ ಬರೀಬೇಕು ಅಂತ."

ಅವಳು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಟೈಪಾದ ನಾಲ್ಕು ಸಾಲಿನ ಮೇಲೆ ಒಂದು ಗೀಟು ಎಳೆದಳು. ಕೆಳಗೆ ಕೈಯಲ್ಲಿ ಬರೆದಳು: ಎಂಟು ಮೇಜು, ಎಂಟಕ್ಕೂ ಅರ್ಥಿಂಗ್ ಇಲ್ಲ, ಅಳೆದವರು ಸೆಫೆರಿನಾ ಚುಕಿಮಿಯಾ. ದಿನಾಂಕ ಹಾಕಿ ಸಹಿ ಮಾಡಿದಳು.

ಉರಿಯೋಸ್ತೆ ಹಾಳೆಯನ್ನು ಎತ್ತಿ ಓದಿ, ಎರಡಾಗಿ ಹರಿದು, ಬುಟ್ಟಿಗೆ ಹಾಕಿದರು. ಧ್ವನಿ ಏರಿಸಲಿಲ್ಲ. "ನಾಳೆ ನೀನು ಗೈರುಹಾಜರಿ," ಎಂದರು.

ಮಂಗಳವಾರ ಬಿಟ್ಟುಬಂದ ಗಾಡಿ ಒಳಗೇ ಇತ್ತು. ಪ್ರಯೋಗಾಲಯದ ಸಾಮಾನಿನಿಂದ ಕಟ್ಟಿದ್ದು ಪ್ರಯೋಗಾಲಯದ್ದೇ ಎಂಬುದು ನಿಯಮ. ಶುಕ್ರವಾರ ಮಧ್ಯಾಹ್ನ ಜೋಸೆಲಿನ್ ಫೋನು ಮಾಡಿದಳು. ಅವಳನ್ನು ಒಬ್ಬಳನ್ನೇ ಒಂದು ಗುಂಪು ಎಂದು ಬರೆದುಕೊಂಡಿದ್ದರು. ಕೊನೆಯ ಚಿಪ್ಪನ್ನು ಅವಳೇ ಕೂರಿಸಿದ್ದಳು, ಹೊಸ ಅರ್ಥಿಂಗ್ ಹಾಕಿದ ಮೇಜಿನ ಮೇಲೆ.

"ಅಕ್ಕ." ಆಚೆ ಕಡೆ ಅಳು.

"ಓಡ್ತಾ?"

"ಓಡ್ತು."

"ಕೊನೇ ತಿರುವಲ್ಲಿ ಗೆರೆ ಬಿಡ್ಲಿಲ್ವಾ?"

"ಇಲ್ಲ. ಎಲ್ರಿಗಿಂತ ಬೇಗ ಮುಗಿಸ್ತು. ನಾನು ಹೇಳ್ಬೇಕಿತ್ತು ಅಕ್ಕ, ನೀನು ಕಟ್ಟಿದ್ದು ಅಂತ. ಬಾಯೇ ಬರ್ಲಿಲ್ಲ."

"ಸರಿ ಬಿಡು," ಎಂದಳು ಸೆಫೆರಿನಾ. ಮನೆ ಬಾಗಿಲಲ್ಲಿ ಒಬ್ಬ ಗಿರಾಕಿ ಒಡೆದ ಫೋನು ಹಿಡಿದು ನಿಂತಿದ್ದ. ತನ್ನ ಫೋನಿಟ್ಟು ಅವನ ಫೋನಿನ ಹಿಂಬದಿ ಬಿಚ್ಚಿದಳು. ಗಾಡಿ ಪಾಸಾಗಿತ್ತು. ಕಟ್ಟಿದವಳು ಫೇಲು.

ಆಗಸ್ಟ್ ಬಂತು. ಮತ್ತೆ ಅದೇ ಪಾಠಕ್ಕೆ ಹೆಸರು ಕೊಟ್ಟಳು. ಅರ್ಜಿಯ ಕಿಂಡಿಯಲ್ಲಿ ಕೂತವಳಿಗೆ ಬಟ್ಟೆಯ ಚಿಂತೆ ಇರಲಿಲ್ಲ, ಠಸ್ಸೆ ಒತ್ತಿ ಕೊಟ್ಟಳು. ಮೊದಲ ದಿನ ಸೆಫೆರಿನಾ ಹಸಿರು ಪೊಯೆರಾ ಉಟ್ಟು, ಶಾಲು ಹೊದ್ದು, ಕುಚ್ಚು ಕಟ್ಟಿ ಕೆಳಗಿಳಿದಳು. ಬಾಗಿಲ ಹಾಳೆಗೆ ಈಗ ಗಾಜಿನ ಚೌಕಟ್ಟು ಬಂದಿತ್ತು. ಕೆಳಗೆ ಹೊಸದಾಗಿ ಒಂದು ಸಾಲು ಸೇರಿತ್ತು. 'ಈ ನಿಯಮ ಜಾರಿಗೆ ಬಂದ ನಂತರ ಒಂದೇ ಒಂದು ಚಿಪ್ ಹಾಳಾಗಿಲ್ಲ.'

ಅವಳು ಅಲ್ಲೇ ಗೋಡೆಗೆ ಒರಗಿದಳು. ತಾನು ಹುಡುಕಿದ ವೈರು ಒಳಗೆ ದುಡಿಯುತ್ತಿತ್ತು. ಅದರ ದುಡಿಮೆಯನ್ನೆಲ್ಲ ತನ್ನ ಪೊಯೆರಾ ತಡೆದ ಲೆಕ್ಕಕ್ಕೆ ಬರೆದಿದ್ದರು. ಮನೆಗೆ ಹೋಗಿಬಿಡೋಣ ಅನ್ನಿಸಿತು. ಮಲಗಬೇಕೆನಿಸಿತು, ಒಂದು ತಿಂಗಳು.

ಕಿಂಡಿಗೆ ಬಂದು ಚೀಟಿ ಇಟ್ಟಳು. ಎಫ್ರಾಯಿನ್ ಚೀಟಿ ನೋಡಿದ, ಪೊಯೆರಾ ನೋಡಿದ. ಸಾಮಾನಿನ ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳಿದ. ಆಮೇಲೆ ಬಾಗಿಲಿಗೆ ಬೆನ್ನು ಮಾಡಿ ಕಪಾಟಿನ ಮೊಳೆಗಳನ್ನು ಎಣಿಸತೊಡಗಿದ. ಅವಳು ಒಳಗೆ ಹೋಗಿ ಏಳನೇ ಮೇಜಿನಲ್ಲಿ ಕೂತಳು.

ಉರಿಯೋಸ್ತೆ ಬಂದು ಹಾಜರಿ ಕರೆದರು. ಚೋಕೆ ಎಂದರು, ಒಬ್ಬ ಇದ್ದೀನಿ ಅಂದ. ಕೊಲ್ಕೆ ಎಂದರು. ನಡುವೆ ಚುಕಿಮಿಯಾ ಬರಬೇಕಿತ್ತು.

"ಇದ್ದೀನಿ," ಎಂದಳು ಸೆಫೆರಿನಾ.

ಇಂಜಿನಿಯರು ತಲೆ ಎತ್ತಲಿಲ್ಲ. "ಬಾಗಿಲ ಮೇಲೆ ಬರ್ದಿರೋದು ಓದಿಲ್ವಾ?"

"ಓದಿದೀನಿ ಸರ್. ಅರ್ಥಿಂಗ್ ಹಾಕಿದ ತಾರೀಖು ಅದ್ರಲ್ಲಿ ಬಿಟ್ಟುಹೋಗಿದೆ."

ಹೊಸ ಹುಡುಗರಿಗೆ ಏನೂ ಅರ್ಥವಾಗಲಿಲ್ಲ. ಒಬ್ಬಿಬ್ಬರು ತಮ್ಮ ಮೇಜಿನ ತಾಮ್ರದ ಪಟ್ಟಿಯನ್ನು ನೋಡಿಕೊಂಡರು.

"ಎದ್ದು ಹೊರಗೆ ಹೋಗು."

"ಏಳಲ್ಲ."

ಹಾಗೆ ಹೇಳುತ್ತೇನೆಂದು ಅವಳೂ ಅಂದುಕೊಂಡಿರಲಿಲ್ಲ. ನೆರಿಗೆಗಳನ್ನು ಸುತ್ತ ಸರಿಮಾಡಿಕೊಂಡು ಕೂತೇ ಇದ್ದಳು.

"ಡೀನ್‌ನ ಕರೀತೀನಿ."

"ಕರೀರಿ."

ಅವರು ರಿಜಿಸ್ಟರು ಮುಚ್ಚಿ ಹೊರಗೆ ಹೋದರು. ಬೂಟಿನ ಸದ್ದು ಮೆಟ್ಟಿಲಿಳಿಯಿತು. "ನಿಮ್ಮಿಂದ ನಮ್ಮ ಪಾಠನೂ ಹಾಳು," ಎಂದು ಮುಂದಿನ ಮೇಜಿನವನೊಬ್ಬ ಗೊಣಗಿದ. ಸೆಫೆರಿನಾ ಮಣಿಕಟ್ಟಿಗೆ ಪಟ್ಟೆ ಕಟ್ಟಿಕೊಂಡಳು. ಮೀಟರಿನಲ್ಲಿ ಪಟ್ಟಿಯನ್ನು ಅಳೆದಳು, ಕೂಗಿತು. ಸೋಲ್ಡರಿಂಗ್ ಐರನ್ ಕಾಯಲು ಇಟ್ಟಳು. ಬೆನ್ನು ನೋಯುತ್ತಿತ್ತು. ಪೆಟ್ಟಿಗೆಯಿಂದ ಹೊಸ ಚಿಪ್ ತೆಗೆದು ಬೋರ್ಡಿನ ಮೇಲಿಟ್ಟು, ಒಂದೊಂದೇ ಕಾಲಿಗೆ ಬೆಸುಗೆ ಹಾಕುತ್ತ ಹೋದಳು. ಮುಗಿಸಿ ಬ್ಯಾಟರಿ ಕೊಟ್ಟಳು. ಮೋಟಾರು ತಿರುಗಿತು, ತಿರುಗುತ್ತಲೇ ಇತ್ತು. ಚಿಪ್ಪಿನ ಮೇಲೆ ಬೆರಳಿಟ್ಟಳು. ತಣ್ಣಗಿತ್ತು. ಗೊಣಗಿದವನು ತಿರುಗಿ ನೋಡಿದ. ಅವಳು ಬ್ಯಾಟರಿ ತೆಗೆದು, ಎರಡನೆಯ ಮೋಟಾರಿನ ದಪ್ಪ ವೈರನ್ನು ಇಕ್ಕಳದಲ್ಲಿ ಹಿಡಿದು, ಐರನ್ ತಾಗಿಸಿ ಸೀಸ ಕರಗಿಸಿದಳು.

ಬಾಗಿಲಲ್ಲಿ ಎರಡು ಜೊತೆ ಬೂಟು ನಿಂತವು.

"ಇವಳೇನಾ?" ಎಂದಿತು ಒಂದು ದಪ್ಪ ದನಿ. "ಏಯ್, ಎದ್ದು ನಿಲ್ಲು."

ಸೆಫೆರಿನಾ ಐರನ್ ಪಕ್ಕಕ್ಕಿಟ್ಟಳು. ವೈರನ್ನು ಬಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ತಾಳಿ ಸರ್," ಎಂದಳು. "ಸೀಸ ಇನ್ನೂ ಹಸಿ ಇದೆ. ಈಗ ಅಲುಗಿದ್ರೆ ಹಿಡಿಯಲ್ಲ."